ಏಕಾಂತದ ಕವಿಯೂ ಮಿಸೆಸ್ ಕ್ರಾಪ್ಲಿಯೂ

ಇಷ್ಟೆಲ್ಲ ರಂಪಕ್ಕೆ ಕಾರಣವಾದದ್ದು ಒಂದೇ ಒಂದು ಪದ: ‘ಏಕಾಂತದಲ್ಲಿ’.

ಸ್ಕೆಲ್ಬಿ ಎಂಬ ಊರಿನಲ್ಲಿ ಬಾಳಿಹೋದ ದೊಡ್ಡವರ ಮನೆಗಳ ಗೋಡೆಗೆ ಅಲ್ಲಿನ ಸ್ಮಾರಕ ಸಂಘದವರು ದುಂಡನೆಯ ನೀಲಿ ಫಲಕ ಹಾಕುತ್ತಾರೆ. ಈ ಸಲದ ಸರದಿ ಹೆಟ್ಟಿ ಕ್ರಾಪ್ಲಿಯ ಮನೆಯದು. ಈಗ ಎಪ್ಪತ್ತೆಂಟರ ಹೆಟ್ಟಿ ಹನ್ನೊಂದರ ಹುಡುಗಿಯಾಗಿದ್ದಾಗ, ಆಬ್ರೆ ಸೆನೆಟ್ ಎಂಬ ಕವಿ ಆ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ಅನಾವರಣ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಎಂಟಕ್ಕೇ ಎದುರುಮನೆಯ ಮಿಸೆಸ್ ಡಗ್ಡೇಲ್ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬಂದಳು.

“ಫಲಕದಲ್ಲಿ ಏನು ಬರೀತಾರೆ ನೋಡಿದ್ಯಾ ಹೆಟ್ಟಿ? ‘ಕವಿ ಆಬ್ರೆ ಸೆನೆಟ್ ಈ ಮನೆಯಲ್ಲಿ ಏಕಾಂತದಲ್ಲಿ ಬಾಳಿದರು.’ ಆಗ ನಿಮ್ಮಮ್ಮ ಇರ್ಲಿಲ್ವೇನೇ?”

“ಇರ್ಲಿಲ್ವಾ? ದಿನಕ್ಕೆ ಆರು ಸಲ ಅವನ ಕೋಣೆಗೆ ಚಹಾ ಹೊತ್ತೋರು ಯಾರು, ದೇವದೂತರಾ? ಒಲೆಗೆ ಕಲ್ಲಿದ್ದಲು ತುಂಬಿದ್ದು, ಅಂಗಿ ಒಗೆದಿದ್ದು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ್ದು, ಎಲ್ಲಾ ಏಕಾಂತಾನೇ ಮಾಡ್ತಾ?”

“ನಾನಾಗಿದ್ರೆ ಸುಮ್ನಿರ್ತಿರ್ಲಿಲ್ಲ ಕಣೇ” ಎಂದು ಉರಿಯುವ ಬೆಂಕಿಗೆ ಒಂದು ಚಮಚ ತುಪ್ಪ ಹಾಕಿ ಮಿಸೆಸ್ ಡಗ್ಡೇಲ್ ಹೊರಟುಹೋದಳು.

ಹೆಟ್ಟಿ ಕೋಟಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಸಂಘದ ಕಾರ್ಯದರ್ಶಿ ಪೆಲ್ಹಮ್ ಅವರ ಮನೆಗೆ ನಡೆದಳು. ಅವರು ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಆಕೆಯ ಮುಖ ನೋಡಿದವರೇ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಆಕೆ ಕೂರಲಿಲ್ಲ.

“ಅಮ್ಮನ ಹೆಸರು ಬರ್ಬೇಕು.”

“ನಿಮ್ಮ ತಾಯಿ ಬಗ್ಗೆ ನಂಗೂ ಗೌರವ ಇದೆ, ಮಿಸ್ ಕ್ರಾಪ್ಲಿ. ಆದ್ರೆ ಬರಹದಲ್ಲಿ ಸಾಕ್ಷಿ ಇಲ್ದೆ ಫಲಕದಲ್ಲಿ ಒಂದಕ್ಷರಾನೂ ಹಾಕೋ ಹಾಗಿಲ್ಲ. ಅದು ನಮ್ಮ ನಿಯಮ.”

“ಒಗೆದ ಅಂಗಿಗೆ ರಸೀದಿ ಬರೆಸ್ಕೋಬೇಕಿತ್ತಾ ಅಮ್ಮ?”

“ಕವಿಗಳು ನಿಮ್ಮ ತಾಯಿ ಬಗ್ಗೆ ಏನಾದ್ರೂ ಬರೆದಿದ್ರೆ ತನ್ನಿ. ಪೇಂಟರ್ ಹನ್ನೆರಡಕ್ಕೆ ಅಕ್ಷರ ಬರೆಯೋಕೆ ಕೂರ್ತಾನೆ.”

ಹೆಟ್ಟಿ ಬಸ್ಸು ಹತ್ತಿ ಪೇಟೆಯ ಗ್ರಂಥಾಲಯಕ್ಕೆ ಹೋದಳು. ಕವಿ ತನ್ನ ತಂಗಿಗೆ ಬರೆದ ಕಾಗದಗಳು ಅಲ್ಲಿ ಒಂದು ಪೆಟ್ಟಿಗೆಯಲ್ಲಿದ್ದವು. ಗ್ರಂಥಪಾಲಕಿ ಬ್ರೆಂಡಾ ಪೆಟ್ಟಿಗೆ ತಂದಿಟ್ಟು, ಬೆನ್ನಿಗೊಂದು ದಿಂಬು ಕೊಟ್ಟು, ಓದುವ ಮೇಜಿನ ಮೇಲೆ ತಿನ್ನುವಂತಿಲ್ಲದಿದ್ದರೂ ಕರವಸ್ತ್ರದ ಕೆಳಗೆ ಎರಡು ಬಿಸ್ಕತ್ತು ಇಟ್ಟುಹೋದಳು. ಕವಿಯ ಕೈಬರಹವೋ, ಶಾಯಿಯಲ್ಲಿ ಬಿದ್ದ ಜೇಡ ಒದ್ದಾಡಿ ಎದ್ದುಹೋದ ಹಾಗಿತ್ತು. ಗಂಟೆ ಹನ್ನೊಂದು ದಾಟಿದ ಮೇಲೆ ಕೊನೆಗೂ ಒಂದು ಸಾಲಿನಲ್ಲಿ ‘ಮಿಸೆಸ್ ಕ್ರಾಪ್ಲಿ’ ಕಂಡಿತು. ಅಮ್ಮನ ಹೆಸರನ್ನು ಮಗಳು ಎಲ್ಲಿದ್ದರೂ ಗುರುತಿಸುತ್ತಾಳೆ. ಮಿಕ್ಕದ್ದು ಒಂದಕ್ಷರವೂ ತಿಳಿಯಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಬ್ರೆಂಡಾ ಆ ಕಾಗದದ ಪ್ರತಿ ತೆಗೆದುಕೊಟ್ಟಳು, ಹೆಟ್ಟಿ ಓಡಿದಳು.

ಪೆಲ್ಹಮ್ ಭೂತಗನ್ನಡಿ ಹಿಡಿದು ಆ ಸಾಲು ಓದಿದರು. ಅವರ ಕಿವಿ ಮೆಲ್ಲಗೆ ಕೆಂಪಾಯಿತು.

“ಇದು ಬೇಡ, ಮಿಸ್ ಕ್ರಾಪ್ಲಿ. ‘ಏಕಾಂತದಲ್ಲಿ’ ಅನ್ನೋದನ್ನೇ ತೆಗೆಸ್ಬಿಡ್ತೀನಿ. ಆಗಬಹುದಾ?”

“ಅಮ್ಮನ ಹೆಸರು ಇದ್ಯೋ ಇಲ್ವೋ?”

“ಇದೆ.”

“ಕವೀದೇ ಕೈಬರಹ ತಾನೆ?”

“ಹೌದು. ಆದ್ರೆ ಒಂದ್ನಿಮಿಷ ಕೂತ್ಕೊಳ್ಳಿ, ಓದಿ ಹೇಳ್ತೀನಿ...”

“ನೀವು ಓದೋದು, ನಾನು ಕೇಳೋದು, ಅಷ್ಟರಲ್ಲಿ ಹನ್ನೆರಡು ಹೊಡೆಯೋದು. ಈ ಆಟ ಎಲ್ಲಾ ನಂಗೊತ್ತು. ಗೋಡೆ ನಂದು, ಪೆಲ್ಹಮ್ ಅವರೇ. ಆ ಸಾಲು ಇದ್ದಹಾಗೇ ಪೂರ್ತಿ ಬರ್ಬೇಕು. ಇಲ್ದಿದ್ರೆ ಒಂದು ಮೊಳೆನೂ ಹೊಡಿಯೋಕೆ ಬಿಡಲ್ಲ.”

ಬಾಗಿಲು ದಢಾರನೆ ಮುಚ್ಚಿತು. ಪೆಲ್ಹಮ್ ಗೇಟಿನವರೆಗೂ ಹಿಂದೆ ಬಂದು ಎರಡು ಸಲ ಕರೆದರು. ಹೆಟ್ಟಿ ತಿರುಗಿ ನೋಡಲಿಲ್ಲ.

ಸಂಜೆ ಬೀದಿಯ ಜನವೆಲ್ಲ ಬಾಗಿಲ ಮುಂದೆ ಸೇರಿದ್ದರು. ಹೆಟ್ಟಿ ಅಮ್ಮನ ಮುತ್ತಿನ ಪಿನ್ನು ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲಿ ನಿಂತಳು. ಪೆಲ್ಹಮ್ ಯಾಕೋ ಒಂದು ಕುರ್ಚಿ ಹಿಡಿದುಕೊಂಡು ಆಕೆಯ ಹಿಂದೆಯೇ ನಿಂತಿದ್ದರು. ಮೇಯರ್ ಪರದೆ ಎಳೆದು, ಗಟ್ಟಿಯಾಗಿ ಓದಿದರು:

“ಕವಿ ಆಬ್ರೆ ಸೆನೆಟ್ ಈ ಮನೆಯಲ್ಲಿ ಬಾಳಿದರು. ಅವರದೇ ಮಾತಿನಲ್ಲಿ: ‘ಇಂದು ಗುರುವಾರ. ಮಿಸೆಸ್ ಕ್ರಾಪ್ಲಿಯ ಮನೆಯ ಸೂಪು ಕುಡಿದೆ. ಇನ್ನು ನನಗೆ ಸಾವಿನ ಭಯವಿಲ್ಲ.’”

ಮೊದಲು ನಕ್ಕವಳು ಮಿಸೆಸ್ ಡಗ್ಡೇಲ್. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಪೆಲ್ಹಮ್ ಕುರ್ಚಿ ಮುಂದಕ್ಕೆ ಸರಿಸಿದರು. ಈ ಸಲ ಹೆಟ್ಟಿ ಕೂತಳು.

“ಜನ ಮರೀತಾರೆ ಬಿಡಿ” ಎಂದು ಅವರು ಬಗ್ಗಿ ಮೆಲ್ಲಗೆ ಹೇಳಿದರು. “ನಿಮ್ಮ ತಾಯಿ ಎಷ್ಟೋ ಒಳ್ಳೇದು ಮಾಡಿದೋರು. ಅಡುಗೆ ಎಲ್ರಿಗೂ ಬರಲ್ಲ.”

“ಅಮ್ಮನ ಅಡುಗೆಗೆ ಇಡೀ ಬೀದಿ ಬೆರಳು ಚೀಪ್ತಿತ್ತು” ಎಂದಳು ಹೆಟ್ಟಿ. ಅಷ್ಟು ಹೊತ್ತಿಗೆ ಆಕೆಯ ದನಿಯಲ್ಲಿ ಸಿಟ್ಟು ಒಂದಿಷ್ಟೂ ಉಳಿದಿರಲಿಲ್ಲ.

“ಮತ್ತೆ ಈ ಸೂಪು?”

ಹೆಟ್ಟಿ ಗೋಡೆಯ ಮೇಲಿನ ಅಮ್ಮನ ಹೆಸರನ್ನೇ ನೋಡುತ್ತ ಕೂತಳು.

“ಗುರುವಾರ ಅಮ್ಮ ಸಂತೆಗೆ ಹೋಗ್ತಿದ್ಲು” ಎಂದಳು. “ಅವತ್ತಿನ ಅಡುಗೆ ನಂದು.”