ಗೇಣು ಆಳದ ಗುಟ್ಟು

ಎಲ್ಲ ಫಜೀತಿಗೂ ಮೂಲ ಒಂದು ಪಿನ್ನು. ಹೆಬ್ಬೆರಳಿನ ದಪ್ಪದ, ತುಕ್ಕು ಹಿಡಿದ, ಯಾರ ಕಣ್ಣಿಗೂ ಬೀಳದಂಥ ಕಬ್ಬಿಣದ ಪಿನ್ನು.

ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರಿಪ್ಪರ್ ನೋಡಲು ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಯಂತಿರುತ್ತದೆ. ಚೌಕಟ್ಟಿನಿಂದ ಇಳಿಬಿದ್ದ ಒಂದು ಉಕ್ಕಿನ ಕಾಲು, ಅದರ ತುದಿಗೆ ಮೊನೆ. ಕಾಲಿನಲ್ಲಿ ಮೇಲಿಂದ ಕೆಳಗೆ ನಾಲ್ಕು ತೂತು. ಪಿನ್ನನ್ನು ಕೆಳಗಿನದಕ್ಕೆ ಹಾಕಿದರೆ ಕಾಲು ಮೇಲಕ್ಕೆ ಸರಿದು ನೆಲವನ್ನು ಗೇಣು ಆಳ ಮಾತ್ರ ಕೆರೆಯುತ್ತದೆ. ಮೇಲಿನದಕ್ಕೆ ಹಾಕಿದರೆ ಕಾಲು ಕೆಳಗಿಳಿದು ಎರಡಡಿ ಸೀಳುತ್ತದೆ. ಊರಿಗೆಲ್ಲ ಎರಡಡಿ ಸೀಳಿಕೊಡುತ್ತಿದ್ದ ಟ್ರ್ಯಾಕ್ಟರಣ್ಣನಿಗೆ ಇದು ಗೊತ್ತಿರದ ವಿಷಯವಲ್ಲ. ಆದರೂ ವರ್ಷಕ್ಕೊಂದು ದಿನ, ಸಸಿಯಕ್ಕನ ಗೇಟು ಇನ್ನೊಂದು ತಿರುವಿನಷ್ಟು ದೂರವಿರುವಾಗ, ಅವನು ಟ್ರ್ಯಾಕ್ಟರ್ ನಿಲ್ಲಿಸಿ, ಹಿಂದೆ ಮುಂದೆ ನೋಡಿ, ಪಿನ್ನು ಕಿತ್ತು ಕೆಳಗಿನ ತೂತಿಗೆ ಸೇರಿಸುತ್ತಿದ್ದ. ಕನ್ನ ಹಾಕುವವನ ಎದೆಯೂ ಅಷ್ಟು ಹೊಡೆದುಕೊಳ್ಳಲಾರದು.

ಸಸಿಯಕ್ಕ ಗಂಡ ತೀರಿಕೊಂಡ ಮೇಲೆ ಗಿಡದ ಸಸಿ ಬೆಳೆಸಿ ಮಾರುತ್ತಿದ್ದಳು. ಅವಳ ಹಿತ್ತಲ ನೆಲದೊಳಗೆ ಗಟ್ಟಿ ಪದರವೊಂದಿತ್ತು; ಮಳೆ ಬಂದರೆ ನೀರು ಇಂಗದೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ನಿಲ್ಲುತ್ತಿತ್ತು. ಎರಡಡಿ ಸೀಳಿದರೆ ಹತ್ತು ವರ್ಷ ನಿಶ್ಚಿಂತೆ. ಗೇಣು ಕೆರೆದರೆ ಮುಂದಿನ ವರ್ಷ ಮತ್ತೆ ನೀರು, ಮತ್ತೆ ಫೋನು: "ನಾನು, ಸಸಿಯವಳು. ಒಂದು ದಿನ ಬಂದು ಹೋಗ್ತೀರಾ?"

ಆ ಫೋನಿಗಾಗಿ ಅವನು ನಾಲ್ಕು ವರ್ಷದಿಂದ ಪಾಪ ಮಾಡುತ್ತಿದ್ದ.

ಟ್ರ್ಯಾಕ್ಟರ್ ಓಡಿಸುವವನೊಂದಿಗೆ ಯಾರೂ ಮಾತಾಡುವುದಿಲ್ಲ, ಆಡಿದರೂ ಕೇಳಿಸುವುದಿಲ್ಲ. ಜನ ಕೈ ತೋರಿಸುತ್ತಾರೆ: ಅಲ್ಲಿ, ಇಲ್ಲಿ, ಸಾಕು. ಸಂಜೆ ಶೆಡ್ಡಿನ ಮೇಲಿನ ಒಂಟಿ ಕೋಣೆಗೆ ಹತ್ತಿದರೆ ಕಿವಿಯಲ್ಲಿ ಉಳಿದ ಎಂಜಿನ್ನಿನ ಗುಂಯ್‌ಗುಟ್ಟುವಿಕೆಯೇ ಅವನ ಸಂಸಾರ. ಸಸಿಯಕ್ಕ ಮಾತ್ರ ಹನ್ನೊಂದು ಗಂಟೆಗೆ ಎರಡು ಲೋಟ ಚಹಾ ತಂದು, ಎಂಜಿನ್ ಆರಿಸಲು ಹೇಳಿ, ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಅವನನ್ನು ಕೂರಿಸುತ್ತಿದ್ದಳು. ಯಾವ ಸಸಿ ಬದುಕಿತು, ಯಾವುದು ಮುನಿಸಿಕೊಂಡಿತು ಎಂದು ಹೇಳುತ್ತಿದ್ದಳು. ಅವನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಮ್ಮಾ ಎನ್ನಲು ಅವಳಿಗೆ ವಯಸ್ಸು ಸಾಲದು. ಅಕ್ಕಾ ಎನ್ನಲು ಇವನಿಗೆ ಮನಸ್ಸು ಬಾರದು.

ಈ ವರ್ಷ ಅವನು ಒಂದು ವಾಕ್ಯವನ್ನು ಸಿದ್ಧಪಡಿಸಿದ್ದ. ಮೂರೇ ಪದ: "ಟ್ರ್ಯಾಕ್ಟರ್ ಇಲ್ಲದೆ ಬರಲಾ?" ಹನ್ನೊಂದು ತಿಂಗಳು ತಿದ್ದಿ, ಉದ್ದವಿದ್ದುದನ್ನು ಮೊಟಕುಗೊಳಿಸಿ, ಚಹಾದ ಎರಡನೆಯ ಗುಟುಕಿನ ನಂತರ ಹೇಳುವುದೆಂದು ಗೊತ್ತುಮಾಡಿಕೊಂಡಿದ್ದ.

ಆದರೆ ಹಿತ್ತಲಿನಲ್ಲಿ ಆಗಲೇ ಮೇಷ್ಟ್ರು ನಿಂತಿದ್ದರು. ರೇಖಾಗಣಿತ ಕಲಿಸಿ ನಿವೃತ್ತರಾದ ಪಕ್ಕದ ಮನೆಯವರು. ನಿಂತ ನೀರಿನಿಂದ ಅವರ ಕಾಂಪೌಂಡು ಗೋಡೆ ವಾಲಿಕೊಂಡಿತ್ತು. ಅವರ ಕೈಯಲ್ಲಿ ಅಡಿಪಟ್ಟಿ.

ಮೊದಲ ಸಾಲು ಮುಗಿಯುತ್ತಲೇ ಅವರು ಬಗ್ಗಿ ಅಳೆದರು. "ಒಂಬತ್ತು ಇಂಚು. ಏನಯ್ಯಾ, ನನ್ನ ತಮ್ಮನ ಹೊಲದಲ್ಲಿ ಎರಡಡಿ ಹೋಗೋ ರಿಪ್ಪರ್ ಇಲ್ಲಿ ಗೇಣಿಗೇ ಸುಸ್ತಾಗುತ್ತಾ?"

"ಇಲ್ಲಿ ನೆಲ ಗಟ್ಟಿ, ಮೇಷ್ಟ್ರೇ."

"ಗಟ್ಟಿ ಅಂತಲೇ ರಿಪ್ಪರ್ ತರಿಸೋದು. ಮೆತ್ತಗಿದ್ದಿದ್ರೆ ನಾನು ಊರುಗೋಲಲ್ಲೇ ಉಳ್ತಿದ್ದೆ." ಅವರ ಅಡಿಪಟ್ಟಿ ನೆಲದ ಇನ್ನೊಂದು ಕಡೆ ತೋರಿಸಿತು. "ಅದಿರಲಿ, ಇಲ್ಲಿ ಲಾರಿ ಚಕ್ರದ ಹಳೇ ಗುರುತು ಯಾಕಿದೆ? ಸಸಿ ಇಲ್ಲದ ಜಾಗದಲ್ಲಿ ಲಾರಿಗೇನು ಕೆಲಸ?"

"ನೀರಿನ ಲಾರಿ, ತಿರುಗಿಸೋಕೆ ಜಾಗ ಬೇಕಲ್ಲ," ಎಂದಳು ಸಸಿಯಕ್ಕ, ಬೇರೆಲ್ಲೋ ನೋಡುತ್ತ. "ಇರಲಿ ಬಿಡಿ ಮೇಷ್ಟ್ರೇ, ಅವರಿಗೆ ತಿಳಿದ ಹಾಗೆ ಮಾಡ್ಲಿ."

ಆ ಮಾತಿನ ಕರುಣೆಗೆ ಟ್ರ್ಯಾಕ್ಟರಣ್ಣ ಕರಗಿದ. ಕರಗಿದವನ ಬಾಯಿಂದ ಸುಳ್ಳೊಂದು ಹೊರಬಿತ್ತು. "ಮೊನೆ ಸವೆದಿದೆ, ಅಷ್ಟೇ."

ಅದೇ ತಪ್ಪಾಯಿತು. ಮೇಷ್ಟ್ರು ರಸ್ತೆಯಾಚೆಯ ವೆಲ್ಡರನನ್ನು ಕೂಗಿದರು. ಉಪಕಾರ ಮಾಡುವ ಅವಕಾಶಕ್ಕೆ ಬಾಯಿಬಿಟ್ಟುಕೊಂಡು ಕಾಯುವ ಮನುಷ್ಯ ಅವನು; ಹೊಸ ಮೊನೆ ಹೊತ್ತೇ ಬಂದ. ಅವನ ಹಿಂದೆಯೇ ಅವನ ಅತ್ತೆ ಬಂದು ಮೋಟುಗೋಡೆಯ ಮೇಲೆ ಆಸೀನಳಾದಳು. ಅಳಿಯ ಕೆಲಸ ಮಾಡುವುದನ್ನು ನೋಡುವ ಯೋಗ ಆಕೆಗೆ ಅಪರೂಪ.

ಕಿಡಿ ಹಾರಿಸಿ ಹೊಸ ಮೊನೆ ಕೂರಿಸಿದ್ದಾಯಿತು. ಮತ್ತೊಂದು ಸಾಲು. ಹತ್ತು ಇಂಚು.

"ಅಣ್ಣಾ, ಟಾಪ್‌ಲಿಂಕ್ ಗಿಡ್ಡ ಮಾಡೋಣ," ಎಂದು ವೆಲ್ಡರ್ ಟ್ರ್ಯಾಕ್ಟರಿಗೂ ರಿಪ್ಪರಿಗೂ ನಡುವಿನ ಮೇಲಿನ ಸರಳನ್ನು ತಿರುಪತೊಡಗಿದ. "ಇದು ಗಿಡ್ಡ ಆದ್ರೆ ಮೊನೆ ಮೂಗು ತಗ್ಗಿಸುತ್ತೆ, ನೆಲಕ್ಕೆ ಕಚ್ಚುತ್ತೆ."

ಕಚ್ಚಿತು ಕೂಡ. ಟ್ರ್ಯಾಕ್ಟರಣ್ಣ ಗಾಬರಿಯಿಂದ ಸೀಟಿನ ಪಕ್ಕದ ಲಿವರನ್ನು ಗುಟ್ಟಾಗಿ ಮೇಲೆತ್ತಿದ. ಮೊನೆ ಮೇಲಕ್ಕೆ ಬಂತು. ಹನ್ನೊಂದು ಇಂಚು.

"ಭಾರ ಸಾಲದು," ಎಂದರು ಮೇಷ್ಟ್ರು.

"ನಮ್ಮ ಅಳಿಯನ್ನ ಕೂರಿಸಿ," ಎಂದಳು ಅತ್ತೆ ಗೋಡೆಯಿಂದ. "ಊಟಕ್ಕೆ ಬಿಟ್ರೆ ಅವನ ಭಾರ ಎಲ್ಲೂ ಉಪಯೋಗಕ್ಕೆ ಬಂದಿಲ್ಲ."

ಅಳಿಯನ ಬದಲು ಚೌಕಟ್ಟಿನ ಮೇಲೆ ಎರಡು ಚೀಲ ಮಣ್ಣು, ಮೂರು ಕಲ್ಲು ಹೇರಿದರು. ಇಷ್ಟರಲ್ಲಿ ಚಹಾ ಬಂತು: ಈ ಸಲ ತಟ್ಟೆಯಲ್ಲಿ, ಐದು ಲೋಟ. ಪೆಟ್ಟಿಗೆಯ ಮೇಲೆ ಮೇಷ್ಟ್ರು ಕೂತರು. ಟ್ರ್ಯಾಕ್ಟರಣ್ಣ ನಿಂತೇ ಮೊದಲ ಗುಟುಕು ಕುಡಿದ. ಎರಡನೆಯದೂ ಇಳಿಯಿತು. ಸಸಿಯಕ್ಕ ಎದುರಿಗೇ ಇದ್ದಳು. ಅವನು ಬಾಯಿ ತೆರೆದ.

"ಅಲ್ಲಪ್ಪಾ," ಎಂದಳು ವೆಲ್ಡರನ ಅತ್ತೆ, "ಆ ಪಿನ್ನು ಕೊನೇ ತೂತಲ್ಲಿದೆ. ಮೇಲೆ ಇನ್ನೂ ಮೂರು ಖಾಲಿ ಇವೆ. ಅವೇನು ಗಾಳಿಗೆ ಬಿಟ್ಟಿದ್ದಾ?"

ಮೇಷ್ಟ್ರ ಮುಖದಲ್ಲಿ, ತರಗತಿಯ ಕೊನೆಯ ಬೆಂಚಿನಿಂದ ಸರಿಯುತ್ತರ ಬಂದಾಗಿನ ನೋವು. ವೆಲ್ಡರ್ ಹೋಗಿ ಪಿನ್ನು ಕಿತ್ತು ಮೇಲಿನ ತೂತಿಗೆ ಜಡಿದ. "ಅಣ್ಣಾ, ನಾಲ್ಕು ವರ್ಷದಿಂದ ನಿಮ್ಮ ಕಣ್ಣಿಗೆ ಬಿದ್ದಿಲ್ವಾ?"

"ಮರೆವು," ಎಂದ ಟ್ರ್ಯಾಕ್ಟರಣ್ಣ. ಸಸಿಯಕ್ಕ ಅವನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಅರ್ಥ ಹುಡುಕುವ ಧೈರ್ಯ ಅವನಿಗಾಗಲಿಲ್ಲ. ಆಕೆಯ ಎದುರು ಇನ್ನಷ್ಟು ಕಳ್ಳನಾಗುವುದು ಬೇಡವೆಂದು, ಸೀಟಿಗೇರಿದ ಮೇಲೆ ಈ ಸಲ ಲಿವರನ್ನು ಮೇಲೆತ್ತಲಿಲ್ಲ.

ಹೊಸ ಮೊನೆ, ತಗ್ಗಿದ ಮೂಗು, ಕಲ್ಲುಮಣ್ಣಿನ ಭಾರ, ಮೇಲಿನ ತೂತು ಎಲ್ಲವೂ ಒಂದಾದವು. ಟ್ರ್ಯಾಕ್ಟರ್ ಹೊಗೆಯುಗುಳಿ ನರಳಿತು. ನೆಲದೊಳಗೆ ಏನೋ ಮುರಿದ ಸದ್ದಾಗಿ, ಎಷ್ಟೋ ಕಾಲದಿಂದ ಬಿಗಿಹಿಡಿದ ಉಸಿರು ಬಿಟ್ಟಂತೆ ಮಣ್ಣು ಎದ್ದು ಬಾಯ್ದೆರೆಯಿತು. ಮೂಲೆಯಲ್ಲಿ ನಿಂತಿದ್ದ ಹಸಿರು ನೀರು ಒಂದು ಕ್ಷಣ ಯೋಚಿಸಿ, ಸುಮ್ಮನೆ ಕೆಳಗಿಳಿದು ಹೋಯಿತು.

"ಇಪ್ಪತ್ತೆಂಟು ಇಂಚು," ಎಂದು ಘೋಷಿಸಿದರು ಮೇಷ್ಟ್ರು. "ಸಸಿಯಕ್ಕಾ, ಇನ್ನು ಹತ್ತು ವರ್ಷ ಈ ಕಡೆ ಟ್ರ್ಯಾಕ್ಟರ್ ಬರೋದೇ ಬೇಡ."

"ಹೌದಲ್ಲ," ಎಂದಳು ಅವಳು, ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ.

ಇಡೀ ಹಿತ್ತಲು ಸೀಳಿ ಮುಗಿಸಿ ಅವನು ಹೊರಟಾಗ ಬಿಸಿಲು ಇಳಿದಿತ್ತು. ತಿರುವಿನಲ್ಲಿ ನೀರಿನ ಲಾರಿ ಅಡ್ಡವಾಯಿತು. ಚಾಲಕ ಕಿಟಕಿಯಿಂದ ತಲೆ ಹಾಕಿದ.

"ಏನಣ್ಣಾ, ನನಗೆ ವರ್ಷಕ್ಕೊಮ್ಮೆ ಸಿಗ್ತಿದ್ದ ಕೆಲಸಾನೂ ತೆಗೆದ್ಬಿಟ್ಟೆಯಲ್ಲ."

"ಯಾವ ಕೆಲಸ?"

"ಪ್ರತಿ ವರ್ಷ ನೀನು ಉತ್ತು ಹೋದ ವಾರಕ್ಕೆ ಸಸಿಯಕ್ಕ ತುಂಬಿದ ಲಾರೀನ ಆ ಹಿತ್ತಲಲ್ಲಿ ನಾಲ್ಕು ಸಲ ಓಡಾಡಿಸ್ತಾರೆ. ಸಡಿಲ ಮಾಡಿಸಿದ ನೆಲಾನ ಮತ್ತೆ ಯಾಕಕ್ಕಾ ಗಟ್ಟಿ ಮಾಡಿಸ್ತೀರಿ ಅಂದ್ರೆ, 'ನಿನಗ್ಯಾಕೆ, ಓಡ್ಸು' ಅಂತಾರೆ. ಈಗ ಫೋನ್ ಮಾಡಿದ್ರು. ಇನ್ನು ಬೇಡವಂತೆ. ಅಷ್ಟು ಆಳಕ್ಕೆ ಲಾರಿಯೇ ಹೂತುಹೋಗುತ್ತಂತೆ." ಗೇರು ಹಾಕುತ್ತ ಅವನು ಮುಂದುವರಿಸಿದ. "ದನಿ ಯಾಕೋ ಸಪ್ಪಗಿತ್ತು. 'ಅವರಿಗೇ ಇನ್ನು ಬರೋ ಮನಸ್ಸಿಲ್ಲ ಅಂತ ಕಾಣುತ್ತೆ' ಅಂದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ."

ಲಾರಿ ಹೋದ ಮೇಲೂ ಟ್ರ್ಯಾಕ್ಟರಣ್ಣ ಬಹಳ ಹೊತ್ತು ಸೀಟಿನಲ್ಲೇ ಇದ್ದ. ಒಂದೇ ತುಂಡು ನೆಲದ ಮೇಲೆ, ಒಬ್ಬರಿಗೆ ತಿಳಿಯದಂತೆ ಒಬ್ಬರು, ನಾಲ್ಕು ವರ್ಷ ಬೇಸಾಯ ಮಾಡಿದ್ದರು. ಆಮೇಲೆ ಎಂಜಿನ್ ಆರಿಸಿ, ಇಳಿದು, ನಡೆದೇ ಹಿಂದಿರುಗಿದ. ಟ್ರ್ಯಾಕ್ಟರ್ ಇಲ್ಲದೆ, ಮೊದಲ ಬಾರಿಗೆ.

ಗೇಟಿನ ಬಳಿ ಸಸಿಯಕ್ಕ ಒಬ್ಬಳೇ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಮೇಷ್ಟ್ರು ಗೋಡೆಯ ವಾಲು ಅಳೆಯುತ್ತಿದ್ದರು. ವೆಲ್ಡರ್ ಸಾಮಾನು ಕಟ್ಟುತ್ತಿದ್ದ. ಅವನ ಅತ್ತೆ ಮೋಟುಗೋಡೆ ಬಿಟ್ಟಿಳಿದಿರಲಿಲ್ಲ.

"ಏನಾದ್ರೂ ಮರೆತ್ರಾ?" ಎಂದಳು ಸಸಿಯಕ್ಕ. ಅವಳ ಕೈ ಗೇಟಿನ ಚಿಲಕದ ಮೇಲೆ ನಿಂತಿತು.

ಮೂರು ಪದಗಳು ನಾಲಿಗೆಯವರೆಗೆ ಬಂದವು. ಆರು ಬೇರೆ ಕಣ್ಣುಗಳನ್ನು ಕಂಡು ಹಿಂದಿರುಗಿದವು.

"ಸ್ಪ್ಯಾನರ್," ಎಂದ ಅವನು. ಅವನ ಸ್ಪ್ಯಾನರ್ ಅವನ ಜೇಬಿನಲ್ಲೇ ಇತ್ತು.

"ಅಯ್ಯೋ, ಇಲ್ಲೆಲ್ಲೂ ಕಾಣ್ಲಿಲ್ವಲ್ಲಣ್ಣಾ. ಸದ್ಯಕ್ಕೆ ನಂದೇ ಇಟ್ಕೊಳ್ಳಿ," ಎಂದು ವೆಲ್ಡರ್ ಓಡಿಬಂದು ಒಂದನ್ನು ಕೈಗೆ ತುರುಕಿದ.

"ಬೇರೆ ಏನೂ ಇಲ್ವಾ?" ಎಂದಳು ಸಸಿಯಕ್ಕ, ಮೆಲ್ಲಗೆ.

"ಇಲ್ಲ."

ಗೇಟು ಮುಚ್ಚಿತು. ಆದರೆ ಕೈಯಲ್ಲಿ ಸ್ಪ್ಯಾನರಿತ್ತು. ಎರವಲು ತಂದದ್ದನ್ನು ಹಿಂದಿರುಗಿಸಲು ಬರಲೇಬೇಕು. ಅವನ ಮುಖ ಅರಳತೊಡಗಿದಾಗ ಹಿಂದಿನಿಂದ ಅತ್ತೆಯ ದನಿ ಬಂತು.

"ನಾಳೆ ತಂದುಕೊಡಪ್ಪಾ. ಇಲ್ಲಿಗಲ್ಲ, ಎದುರುಗಡೆ ನಮ್ಮನೆಗೆ. ನಾನು ಇಡೀ ದಿನ ಒಬ್ಬಳೇ ಇರ್ತೀನಿ, ಮಾತಾಡೋಕೆ ಯಾರೂ ಇಲ್ಲ."

ಅವನು ತಲೆಯಾಡಿಸಿ, ಸ್ಪ್ಯಾನರನ್ನು ಜೇಬಿಗಿಳಿಸಿ ನಡೆದ. ದಾರಿಯುದ್ದಕ್ಕೂ ಜೇಬಿನಲ್ಲಿ ಎರಡು ಸ್ಪ್ಯಾನರುಗಳು ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು.