ಸ್ಯಾನ್ ಡಿಯಾಗೋದ ಅರಮನೆಗೆ ಒಬ್ಬಳೇ

ನಮ್ಮವರ ನಡುವೆ ಇದ್ದುಕೊಂಡು ಒಬ್ಬಳೇ ಎಲ್ಲಿಗಾದರೂ ಹೋಗಿಬರುತ್ತೇನೆ ಅನ್ನುವುದು ಆಗದ ಮಾತು. ಹೊರಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಕೊರೊನಾ ಕಾಲದಲ್ಲಿ ಅಮೆರಿಕದ ನಮ್ಮ ನಾರ್ತ್‌ರಿಜ್ ಅಪಾರ್ಟ್‌ಮೆಂಟಿನಲ್ಲಿ ಗಂಡನ ಆಫೀಸು, ನನ್ನ ಆಫೀಸು, ಮಗಳ ಸ್ಕೂಲು ಮೂರೂ ಒಂದೇ ಊಟದ ಮೇಜಿನ ಮೇಲೆ ನಡೆದವು. ಅದು ಮುಗಿದ ಮೇಲೆ ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ದಿನ ಯಾರ ಕಾಟವೂ ಇಲ್ಲದೆ ಅರಮನೆ ನೋಡುವುದು. ಮೈಸೂರಿನಲ್ಲಿ ಹುಟ್ಟಿ ಬೆಳೆದರೂ ನಾನು ಅರಮನೆಯನ್ನು ಒಬ್ಬಳೇ ನೋಡಿದವಳಲ್ಲ. ನೆಂಟರು ಬಂದಾಗಲೆಲ್ಲ ಅವರ ಮಕ್ಕಳ ಕೈ ಹಿಡಿದು, ಪುಳಿಯೋಗರೆ ಡಬ್ಬಿ ಹೊತ್ತು ಹೋದದ್ದೇ ಹೋದದ್ದು. ಸ್ಯಾನ್ ಡಿಯಾಗೋದ ಬಾಲ್ಬೋವಾ ಪಾರ್ಕಿನಲ್ಲಿ ಅರಮನೆಯಂಥ ಕಟ್ಟಡಗಳಿವೆ, ಹಿಂದೆ ಯಾವುದೋ ಎಕ್ಸಿಬಿಷನ್ನಿಗೆ ಕಟ್ಟಿದ್ದು ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಅರಮನೆ, ಎಕ್ಸಿಬಿಷನ್ ಎರಡೂ ಒಂದೇ ಕಡೆ! ಮೈಸೂರಿನವಳಿಗೆ ಇನ್ನೇನು ಬೇಕು?

ಗಂಟು

ಪಕ್ಕದ ಮನೆಯ ಹುಬ್ಬಳ್ಳಿ ಆಂಟಿಗೆ ನನ್ನ ಗಂಡ ಸುದ್ದಿ ಮುಟ್ಟಿಸಿಬಿಟ್ಟರು.

“ಒಬ್ಬಾಕೀನ ಹೊಂಟೀಯೇನವಾ? ಹಂಗಾರ ನಮ್ಮ ತಮ್ಮನ ಮಗಗ ಒಂದೀಟು ರೊಟ್ಟಿ ಒಯ್ಯಿ,” ಅಂದರು. ಅವರ ತಮ್ಮನ ಮಗ ಸ್ಯಾನ್ ಡಿಯಾಗೋದಲ್ಲೇ ಓದುತ್ತಿದ್ದ. ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಉಪ್ಪಿನಕಾಯಿ ಎಲ್ಲ ಇದ್ದವು. ನನ್ನ ಬ್ಯಾಗಿನಲ್ಲಿ ಇದ್ದದ್ದು ಒಂದು ನೀರಿನ ಬಾಟಲಿ. ಚಾಟ್ಸ್‌ವರ್ತ್ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ, ನಾನು ಊರಿಗೆ ಹೊರಟಿದ್ದೇನೋ ಅರಮನೆಗೋ ಅಂತ ನನಗೇ ಅನುಮಾನ ಬಂತು.

ಹಾಲು

ಕಿಟಕಿಯಾಚೆ ಸಮುದ್ರ ಶುರುವಾದದ್ದೇ ತಡ, ಫೋನು ಬಂತು. ಹಾಲು ಹಾಳಾಗಿದೆ, ಕಾಸಿದರೆ ಒಡೆದುಹೋಯಿತು, ಕಾಫಿಗೆ ಏನು ಮಾಡಲಿ ಅಂತ ಗಂಡ ಕೇಳಿದರು. ಯಾವ ಪಾತ್ರೆ ಅಂದೆ. ಮುಚ್ಚಿಟ್ಟಿದ್ದ ಸ್ಟೀಲ್ ಪಾತ್ರೆ ಅಂದರು. ಅದು ನಾನು ಹೆಪ್ಪು ಹಾಕಿಟ್ಟಿದ್ದ ಮೊಸರು. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಮುದ್ರ ಮುಗಿದು ಗೋದಾಮುಗಳು ಬಂದಿದ್ದವು.

ಕಾವಲು

ಆಂಟಿಯ ತಮ್ಮನ ಮಗ ಇಬ್ಬರು ರೂಮ್‌ಮೇಟುಗಳ ಜೊತೆ ಸ್ಯಾನ್ ಡಿಯಾಗೋ ಸ್ಟೇಷನ್ನಿಗೆ ಬಂದಿದ್ದ. “ಅತ್ತಿ ಹೇಳ್ಯಾಳ್ರಿ, ನಿಮ್ಮನ್ನ ಒಬ್ಬರನ್ನ ಬಿಡಬ್ಯಾಡ ಅಂತ,” ಅಂದ. ಮೊದಲು ಚಟ್ನಿ ರುಚಿ ನೋಡಪ್ಪ ಅಂತ ಡಬ್ಬಿ ತೆರೆದು ಕೊಟ್ಟೆ. ಮೂವರೂ ಅಲ್ಲೇ ಬೆಂಚಿನ ಮೇಲೆ ಕುಳಿತರು. ನಾನು ಬಸ್ಸು ಹತ್ತಿ ಕೈಬೀಸಿದರೂ ಒಬ್ಬನೂ ತಲೆಯೆತ್ತಲಿಲ್ಲ.

ಅರಮನೆ

ಕೆತ್ತನೆಯ ಗೋಪುರ, ನೀಲಿ ಹೆಂಚಿನ ಗುಮ್ಮಟ, ಎತ್ತರದ ಬಾಗಿಲು. ಕಾಲು ತಾನಾಗಿಯೇ ಶೂ ಕಳಚಿತು. ಅರಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವುದುಂಟೆ? ಬಾಗಿಲ ಪಕ್ಕ ಜೋಡಿಸಿಟ್ಟು ಒಳಗೆ ಹೋದೆ. ಬರಿಗಾಲಿಗೆ ತಣ್ಣನೆಯ ನೆಲ ತಾಗಿದಾಗ ಮೈಸೂರೇ ನೆನಪಾಯಿತು. ಕೊನೆಗೂ ಒಬ್ಬಳೇ! ಆದರೆ “ಮೇಲೆ ನೋಡೇ, ಎಷ್ಟು ಚೆನ್ನಾಗಿದೆ” ಅನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಿಜ ಹೇಳುತ್ತೇನೆ, ಆ ನೆಂಟರ ಮಕ್ಕಳ ಮೇಲೆಲ್ಲ ಪ್ರೀತಿ ಉಕ್ಕಿ ಕಣ್ಣು ತುಂಬಿತು.

ಅಷ್ಟರಲ್ಲಿ ಸೆಕ್ಯೂರಿಟಿಯವನು ಬಂದು, ನನ್ನ ಪಾದ ನೋಡಿ, ನಿಮ್ಮ ಗುಂಪಿನಲ್ಲಿ ಎಷ್ಟು ಜನ ಅಂತ ಕೇಳಿದ. ಒಬ್ಬಳೇ ಬಂದಿದ್ದೇನೆ ಅಂದೆ. ಅವನು ನನ್ನನ್ನು ಬಾಗಿಲಿಗೆ ಕರೆದುಕೊಂಡು ಹೋದ.

ನನ್ನ ಶೂ ಪಕ್ಕದಲ್ಲಿ ಸಾಲಾಗಿ ಬೂಟು, ಸ್ಯಾಂಡಲ್ಲು, ಲೈಟು ಮಿನುಗುವ ಮಕ್ಕಳ ಶೂ. ಇಲ್ಲಿನ ನಿಯಮವೇ ಹೀಗೆ ಅಂದುಕೊಂಡ ಹತ್ತು ಹದಿನೈದು ಅಮೆರಿಕನ್ನರು ಬರಿಗಾಲಲ್ಲಿ ಭಕ್ತಿಯಿಂದ ನಿಂತಿದ್ದರು.

“ನಿಮ್ಮವರಿಗೆ ಶೂ ಹಾಕಿಕೊಳ್ಳಲು ಹೇಳಿ,” ಅಂದ.

ಹೇಳಿದೆ. ಎಲ್ಲರೂ ಹಾಕಿಕೊಂಡರು, ಆದರೆ ಒಬ್ಬರೂ ಕದಲಲಿಲ್ಲ. ಒಬ್ಬ ಅಜ್ಜಿ ಲೇಸು ಬಿಗಿದುಕೊಂಡು ಎದ್ದು, ನನ್ನ ತೋಳು ಹಿಡಿದು ಕೇಳಿದರು: “ಈಗ ಯಾವ ಅರಮನೆಗೆ ಕರೆದುಕೊಂಡು ಹೋಗ್ತೀರಿ?”