ಮುನಿರ್ಕಾ ತಾರಸಿಯ ಭತ್ತ

ಹೆಂಡತಿಯ ಸೀರೆ ಹಿಂಡಿ ತಂತಿಯ ಮೇಲೆ ಹರವುತ್ತಿದ್ದ ದಕ್ಷಿಣಾಮೂರ್ತಿ ಅರ್ಧಕ್ಕೇ ಕೈಬಿಟ್ಟರು. ದೆಹಲಿಯ ಮುನಿರ್ಕಾ ಬಡಾವಣೆಯ ಆ ಬಾಡಿಗೆ ಮನೆಯ ತಾರಸಿಯಲ್ಲಿ, ಎರಡು ಟಬ್ಬುಗಳಲ್ಲಿದ್ದ ಭತ್ತದ ಪೈರು ಕಾಮಾಲೆ ಬಂದವರ ಕಣ್ಣಿನಂತೆ ಹಳದಿಯಾಗಿತ್ತು.

"ಒಂದಾದ್ರೂ ಹಸಿರಾಗಿರ್ಬೇಕಿತ್ತಲ್ಲೇ, ಲೀಲಾ!"

ದೆಹಲಿಯ ಕೃಷಿ ಇಲಾಖೆಯಲ್ಲಿ ಮೂರ್ತಿಯವರ ಕೆಲಸ ಲಕೋಟೆಗಳಿಗೆ ಅಂಚೆಚೀಟಿ ಅಂಟಿಸುವುದು. ಮಳವಳ್ಳಿಯಲ್ಲಿದ್ದ ಭಾವಮೈದ ಯೋಗೀಶ ಮಾತ್ರ, ದೇಶದ ಭತ್ತವೆಲ್ಲ ಭಾವನ ಮಾತಿನಂತೆ ಬೆಳೆಯುತ್ತದೆಂದು ನಂಬಿದ್ದ. "ಯೂರಿಯಾ ಹಾಕಿದ ಮೇಲೆ ಗದ್ದೆ ನೀರು ಹೊರಗೆ ಬಿಡಬೇಕೋ, ಕಟ್ಟಬೇಕೋ? ಫೋನಲ್ಲಿ ಬೇಡ ಭಾವ, ಬರೆದು ಕಳ್ಸಿ, ಊರವರಿಗೆ ತೋರಿಸ್ಬೇಕು" ಎಂದು ಕೇಳಿ ಎರಡು ತಿಂಗಳಾಗಿತ್ತು. ಗೊತ್ತಿಲ್ಲವೆಂದರೆ ಮಾವನ ಮನೆಯಲ್ಲಿ ಮಾನ ಹೋಗುತ್ತದೆ; ವಿಜ್ಞಾನಿಗಳನ್ನು ಕೇಳಿದರೆ ಕ್ಯಾಂಟೀನಿನಲ್ಲಿ ಹೋಗುತ್ತದೆ. ಅದಕ್ಕೇ ಎರಡು ಟಬ್ಬಿಗೂ ಯೂರಿಯಾ ಹಾಕಿ, ಒಂದರ ತೂತಿಗೆ ಬಟ್ಟೆ ತುರುಕಿ ನೀರು ಕಟ್ಟಿದ್ದರು. ಇನ್ನೊಂದನ್ನು ಹರಿಯಲು ಬಿಟ್ಟಿದ್ದರು.

ಈಗ ನೋಡಿದರೆ ಆ ಬಟ್ಟೆ ಪಕ್ಕದಲ್ಲಿ ಬಿದ್ದಿತ್ತು, ನೀರು ತೂತಿನಿಂದ ಹರಿದುಹೋಗುತ್ತಿತ್ತು. "ಬಟ್ಟೆ ಕಿತ್ತವರು ಯಾರು?"

"ನಾನೇ ಕಣ್ರೀ!" ಕೆಳಗಿನ ಮಹಡಿಯ ಸುಶೀಲಮ್ಮ ಏದುಸಿರು ಬಿಡುತ್ತ ಹತ್ತಿ ಬಂದರು. "ನಿಂತ ನೀರು ಕಂಡ್ರೆ ಡೆಂಗ್ಯೂ ಇನ್‌ಸ್ಪೆಕ್ಟರು ಬಿಡ್ತಾರಾ? ದಿನಾ ಬೆಳಿಗ್ಗೆ ಕಿತ್ತು, ನೀರೆಲ್ಲ ಹೋದ್ಮೇಲೆ ಮತ್ತೆ ಹಾಗೇ ತುರುಕ್ತಿದ್ದೆ. ನಿಮಗೆ ಬೇಜಾರಾಗ್ಬಾರ್ದಲ್ಲ!"

"ದೆಹಲಿ ಬಿಸಿಲು ನೀರು ಕುಡೀತಿದೆ ಅಂತ ನಾನು ದಿನಾ ಸಂಜೆ ತುಂಬಿಸ್ತಿದ್ದೆನಲ್ರೀ!" ಎಂದರು ಮೂರ್ತಿ.

ಅಷ್ಟರಲ್ಲಿ ಮನೆಮಾಲೀಕ ಚೌಧರಿ ಕುಡುಗೋಲು ಹಿಡಿದು ಬಂದ. "ಅರೇ ಮದ್ರಾಸಿ ಬಾಬೂ! ಮೇರಾ ಮ್ಯಾಚ್ ಕಹಾಂ ಗಯಾ?" ಟಿ.ವಿ.ಯಲ್ಲಿ ನೋಡುತ್ತಿದ್ದ ಮ್ಯಾಚ್ ಎಲ್ಲಿ ಹೋಯ್ತೆಂದು ಗುಡುಗಿದ.

ಸುಶೀಲಮ್ಮನ ಬಾಲ್ಕನಿಯ ಸೋರೆಬಳ್ಳಿ ಮೇಲಕ್ಕೆ ಹಬ್ಬಿ ಅವನ ಟಿ.ವಿ. ಆಂಟೆನಾಗೆ ಹೆಬ್ಬಾವಿನಂತೆ ಸುತ್ತಿಕೊಂಡಿತ್ತು. ಮೊರದಗಲ ಎಲೆಗಳು! ಚೌಧರಿ ಬಳ್ಳಿಯನ್ನು ಕತ್ತರಿಸಿ, ಅದೇ ಸಿಟ್ಟಿನಲ್ಲಿ ಭತ್ತವನ್ನೂ ಬೇರುಸಹಿತ ಕಿತ್ತೆಸೆದ.

"ಒಂದು ಹಿಡಿ ಗೊಬ್ಬರ ಹಾಕಿರ್ಲಿಲ್ಲ ಕಣ್ರೀ," ಸುಶೀಲಮ್ಮ ಕಣ್ಣೊರೆಸಿಕೊಂಡರು. "ಅದ್ಹೇಗೆ ಹಬ್ಬಿತ್ತೋ, ಪಾಪ!"

ಮೂರ್ತಿ ಗೋಡೆಯಾಚೆ ಬಗ್ಗಿ ನೋಡಿದರು. ಟಬ್ಬಿನ ನೀರು ತಾರಸಿಯ ಕೊಳವೆಯಿಂದಿಳಿದು ನೇರ ಸೋರೆಬಳ್ಳಿಯ ಕುಂಡಕ್ಕೇ ಬೀಳುತ್ತಿತ್ತು. ತಿಂಗಳಿಂದ ಹಾಕಿದ ಯೂರಿಯಾವನ್ನೆಲ್ಲ ತಿಂದದ್ದು ಆ ಬಳ್ಳಿ!

"ಸಿಕ್ತು ಉತ್ತರ!" ಎಂದು ಅವರು ಚೌಧರಿಯನ್ನು ಕುಡುಗೋಲು ಸಮೇತ ತಬ್ಬಿಕೊಂಡರು.

ಅಲ್ಲೇ ಕೂತು ಬರೆದರು: "ಯೋಗೀಶ, ಗೊಬ್ಬರ ಹಾಕಿದ ಕೂಡಲೇ ಗದ್ದೆ ನೀರು ಹೊರಗೆ ಬಿಡಬೇಡ. ಬಿಟ್ಟರೆ ಸಾರವೆಲ್ಲ ಕೆಳಗಿನ ಗದ್ದೆಯವನ ಪಾಲು." ಎರಡು ತಿಂಗಳ ಭಾರ ಇಳಿದು, ಅರಳೆಯಂತೆ ಹಗುರಾಗಿ ಬೀದಿಯ ಅಂಚೆ ಡಬ್ಬಿಯ ಮುಂದೆ ನಿಂತರು.

ಹಿಂದಿನಿಂದ ಲೀಲಾ ಓಡಿ ಬಂದಳು. "ರೀ, ಯೋಗೀಶ ಫೋನ್ ಮಾಡಿದ್ದ! ಕಾಗದಕ್ಕೆ ಕಾದು ಸಾಕಾಗಿ ಇವತ್ತು ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುತ್ತಾನಂತೆ. ಊರಿನ ನಾಲ್ಕು ಜನಾನೂ ಬರ್ತಾರಂತೆ, ನಿಮ್ಮ ಪ್ರಯೋಗದ ಭತ್ತ ನೋಡೋಕೆ."

"ಪ್ರಯೋಗದ ವಿಷಯ ಅವನಿಗೆ ಹೇಳಿದ್ದು ಯಾರು?"

"ನಾನೇ. ಹೆಮ್ಮೆಗೆ ಹೇಳ್ದೆ ಕಣ್ರೀ."

ಮೂರ್ತಿ ಲಕೋಟೆಯನ್ನೊಮ್ಮೆ ನೋಡಿದರು. ಬರುವವರಿಗೆ ತೋರಿಸಲು ಒಂದು ಕಡ್ಡಿ ಭತ್ತವಿಲ್ಲ. ಆದರೂ, "ಕಾಗದ ಹಾಕಿದ್ದೆನಲ್ಲಪ್ಪ, ನೀನೇ ಊರಲ್ಲಿರ್ಲಿಲ್ಲ" ಎನ್ನಬಹುದಲ್ಲ! ಅಷ್ಟಾದರೂ ಸಮಾಧಾನವೆಂದು ಲಕೋಟೆಯನ್ನು ಡಬ್ಬಿಯೊಳಕ್ಕೆ ಹಾಕಿಬಿಟ್ಟರು.